ಫ್ಲ್ಯಾಟಿಗೆ ಹೊಸದಾಗಿ ಬಂದ ಕುಟುಂಬಗಳಿಗೆ: ಮೆಂಟೆನೆನ್ಸ್ ಹಣ ಮತ್ತು ಕರಾವಳಿಯ ಕಟ್ಟಡದ ಆರೈಕೆ

ಘಟ್ಟದ ಮೇಲಿನಿಂದ ಉದ್ಯೋಗದ ನಿಮಿತ್ತ ಮಂಗಳೂರಿಗೆ ಬಂದು, ಮೊದಲ ಬಾರಿಗೆ ಫ್ಲ್ಯಾಟಿನಲ್ಲಿ ಸಂಸಾರ ಹೂಡುವವರು ನಮ್ಮ ಸಂಘದಲ್ಲಿ ಶಾಲೆ ಮತ್ತು ಬಾಡಿಗೆಯ ವಿಚಾರ ಮುಗಿದ ಕೂಡಲೇ ಕೇಳುವುದು ಮೆಂಟೆನೆನ್ಸ್ ಬಗ್ಗೆ. ತಿಂಗಳು ತಿಂಗಳೂ ಇಷ್ಟು ಹಣ ಏಕೆ ಕೊಡಬೇಕು, ಅದು ಎಲ್ಲಿಗೆ ಹೋಗುತ್ತದೆ ಎಂಬ ಈ ಪ್ರಶ್ನೆ ನ್ಯಾಯವಾದದ್ದು. ನಿಮ್ಮ ಕಟ್ಟಡದ ಮಹಾಸಭೆಯಲ್ಲಿ ಅದನ್ನು ಧೈರ್ಯವಾಗಿ ಕೇಳಲು ಬೇಕಾದಷ್ಟು ತಿಳಿವಳಿಕೆಯನ್ನು ಇಲ್ಲಿ ಕೊಡುತ್ತಿದ್ದೇವೆ.

ಫ್ಲ್ಯಾಟು ಕೊಂಡವರಿಗೆ ನಾಲ್ಕು ಗೋಡೆಗಳ ಜೊತೆಗೆ ನಿವೇಶನದಲ್ಲಿಯೂ ಮೆಟ್ಟಿಲು, ತಾರಸಿ, ಲಿಫ್ಟು, ಬಾವಿ ಮುಂತಾದ ಸಾಮಾನ್ಯ ಭಾಗಗಳಲ್ಲಿಯೂ ಅವಿಭಜಿತ ಪಾಲು ಸೇರಿಯೇ ಬರುತ್ತದೆ. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಗೆ ಒಳಪಟ್ಟ ಕಟ್ಟಡದಲ್ಲಿ ಸಾಮಾನ್ಯ ಖರ್ಚು ಆ ಪಾಲಿಗೆ ಅನುಗುಣವಾಗಿ ಹಂಚಿಕೆಯಾಗಬೇಕು. ತಾನು ಲಿಫ್ಟು ಹತ್ತುವುದಿಲ್ಲ, ತಾರಸಿಗೆ ಹೋಗುವುದಿಲ್ಲ ಎಂಬ ಕಾರಣ ಕೊಟ್ಟು ಯಾರೂ ಅದರಿಂದ ತಪ್ಪಿಸಿಕೊಳ್ಳುವಂತಿಲ್ಲ. ರೂಢಿಯಲ್ಲಿ ಕೆಲವು ಕಡೆ ಚದರಡಿಯ ಲೆಕ್ಕ, ಕೆಲವು ಕಡೆ ಎಲ್ಲ ಮನೆಗಳಿಗೂ ಸಮಾನ ಮೊತ್ತ ಇದೆ. 1960ರ ಸಂಘಗಳ ನೋಂದಣಿ ಕಾಯ್ದೆಯಡಿ ನೋಂದಾಯಿತವಾದ ಫ್ಲ್ಯಾಟು ಮಾಲೀಕರ ಅಸೋಸಿಯೇಶನ್‌ಗಳೂ ಇವೆ. ಹೀಗೆ ಕಟ್ಟಡದಿಂದ ಕಟ್ಟಡಕ್ಕೆ ಲೆಕ್ಕ ಬೇರೆಯಾಗುವುದರಿಂದ ಮನೆಗೆ ಬಂದ ಮೊದಲ ವಾರದಲ್ಲಿಯೇ ಬೈಲಾದ, ಅಂದರೆ ಅಸೋಸಿಯೇಶನ್‌ನ ನಿಯಮಾವಳಿಯ, ಒಂದು ಪ್ರತಿಯನ್ನು ಕಾರ್ಯದರ್ಶಿಯವರಿಂದ ಕೇಳಿ ಪಡೆಯಿರಿ. ಅದನ್ನು ಓದದೆ ಜಗಳಕ್ಕೆ ನಿಲ್ಲುವುದಾಗಲಿ ಸುಮ್ಮನೆ ಹಣ ಕಟ್ಟುತ್ತಾ ಹೋಗುವುದಾಗಲಿ ಎರಡೂ ಸರಿಯಲ್ಲ.

ಒಂದು ಉದಾಹರಣೆ ತೆಗೆದುಕೊಳ್ಳೋಣ. 24 ಮನೆಗಳಿರುವ ಕಟ್ಟಡದಲ್ಲಿ ಪ್ರತಿ ಮನೆ 1,200 ಚದರಡಿ, ದರ ಚದರಡಿಗೆ 3 ರೂಪಾಯಿ ಎಂದಿಟ್ಟುಕೊಂಡರೆ ಮನೆಯೊಂದಕ್ಕೆ 3,600 ರೂಪಾಯಿ, ಒಟ್ಟು ತಿಂಗಳಿಗೆ 86,400 ರೂಪಾಯಿ ಕೂಡುತ್ತದೆ. ಎರಡು ಪಾಳಿಯ ವಾಚ್‌ಮನ್‌ಗಳ ಸಂಬಳ, ಗುಡಿಸಿ ಒರೆಸುವವರ ಸಂಬಳ, ಪಂಪು ಮತ್ತು ಲಿಫ್ಟಿಗಾಗಿ ಬರುವ ಮೆಸ್ಕಾಂನ ವಿದ್ಯುತ್ ಬಿಲ್ಲು, ಲಿಫ್ಟಿನ ವಾರ್ಷಿಕ ನಿರ್ವಹಣಾ ಕರಾರು, ಜನರೇಟರಿನ ಡೀಸೆಲ್ ಇವೆಲ್ಲ ಕಳೆದ ಮೇಲೆ ಉಳಿಯುವುದೆಷ್ಟು ಎಂಬುದನ್ನು ನೋಡಿ. ಏನೂ ಉಳಿಯದಿದ್ದರೆ ಆ ಕಟ್ಟಡ ಇಂದಿನ ದಿನವನ್ನು ದಾಟುತ್ತಿದೆಯೇ ಹೊರತು ನಾಳೆಗೆ ಏನನ್ನೂ ಇಡುತ್ತಿಲ್ಲ ಎಂದು ತಿಳಿಯಬೇಕು. ಮೆಂಟೆನೆನ್ಸ್ ಕಡಿಮೆ ಎಂಬುದನ್ನು ಮನೆಯ ಒಂದು ಗುಣವೆಂದು ಹೇಳಿ ಮಾರುವವರಿದ್ದಾರೆ. ನಾವಂತೂ ಅಂಥ ಕಡೆ ಎರಡು ಪಟ್ಟು ಎಚ್ಚರದಿಂದಿರಿ ಎನ್ನುತ್ತೇವೆ.

ಈ ಎಚ್ಚರಕ್ಕೆ ಕಾರಣ ನಮ್ಮೂರಿನ ಮಳೆ ಮತ್ತು ಉಪ್ಪುಗಾಳಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಸುರಿಯುವ ಮಳೆಯ ಪ್ರಮಾಣವನ್ನು ಬಯಲುಸೀಮೆಯಿಂದ ಬಂದವರು ಮೊದಲ ವರ್ಷ ನಂಬುವುದಿಲ್ಲ. ತಾರಸಿಯ ಕೂದಲೆಳೆಯಷ್ಟು ಬಿರುಕಿನಿಂದ ಇಳಿದ ನೀರು ಒಳಗಿನ ಕಬ್ಬಿಣದ ಸಲಾಕೆಯನ್ನು ತಲುಪುತ್ತದೆ. ತುಕ್ಕು ಹಿಡಿದ ಸಲಾಕೆ ಉಬ್ಬುತ್ತದೆ, ಉಬ್ಬಿದಾಗ ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ, ಆ ಸೀಳಿನಲ್ಲಿ ಮುಂದಿನ ಮಳೆಗಾಲದ ನೀರು ಇನ್ನಷ್ಟು ಸಲೀಸಾಗಿ ಇಳಿಯುತ್ತದೆ. ಕಡಲು ಹತ್ತಿರವಿದ್ದಷ್ಟೂ ಈ ಕೆಲಸ ಬೇಗ ನಡೆಯುತ್ತದೆ. ನಾನು ವಾಸವಿರುವ ಕಟ್ಟಡದಲ್ಲಿ ಹಲವು ವರ್ಷ ದರ ಏರಿಸದೆ, ಕೊರತೆಯನ್ನು ಕಾರ್ಪಸ್, ಅಂದರೆ ಕಟ್ಟಡದ ಮೂಲನಿಧಿಯ, ಹಣದಿಂದಲೇ ತುಂಬುತ್ತಾ ಬಂದಿದ್ದೆವು, ಅದಕ್ಕೆ ನಾನೂ ಕೈಯೆತ್ತಿದ್ದೆ. ಒಂದು ಆಷಾಢದ ಬೆಳಿಗ್ಗೆ ಮೇಲಿನ ಟ್ಯಾಂಕಿನ ಅಡಿಯಿಂದ ಅಂಗೈಯಗಲದ ಸಿಮೆಂಟಿನ ಚಕ್ಕೆ ಮೆಟ್ಟಿಲ ಮೇಲೆ ಬಿದ್ದಿತ್ತು. ತಲೆಯೆತ್ತಿ ನೋಡಿದರೆ ಪದರು ಪದರಾಗಿ ಸಿಪ್ಪೆ ಏಳುತ್ತಿದ್ದ ಸಲಾಕೆ ಕಾಣುತ್ತಿತ್ತು, ಬೆರಳಿನಿಂದ ಮುಟ್ಟಿದಾಗ ಕಂದು ಪುಡಿ ಉದುರಿತು. ಮಕ್ಕಳು ಶಾಲೆಗೆ ಇಳಿಯುವ ದಾರಿ ಅದು. ಯಾರಿಗೂ ಪೆಟ್ಟಾಗಲಿಲ್ಲ, ಆದರೆ ದುರಸ್ತಿಗೆ ನಿಧಿಯಲ್ಲಿ ಹಣವಿರದೆ ಪ್ರತಿ ಮನೆಯಿಂದ ಒಮ್ಮೆಲೇ ದೊಡ್ಡ ಮೊತ್ತ ವಸೂಲಿ ಮಾಡಬೇಕಾಯಿತು, ಪಿಂಚಣಿಯಲ್ಲಿ ಬದುಕುವ ಹಿರಿಯರಿಗೆ ಅದು ತೀರ ಕಷ್ಟವಾಯಿತು.

ಈ ಕಾರಣಕ್ಕೆ ಸಿಂಕಿಂಗ್ ಫಂಡ್ ಎಂಬ ಪ್ರತ್ಯೇಕ ನಿಧಿ ಇದೆಯೇ ಎಂದು ಖಂಡಿತ ಕೇಳಿ. ದೊಡ್ಡ ದುರಸ್ತಿ, ಬಣ್ಣ, ಲಿಫ್ಟಿನ ಬದಲಾವಣೆ ಮುಂತಾದವುಗಳಿಗೆ ಮಾತ್ರ ಮೀಸಲಾದ ಈ ಹಣ ದಿನನಿತ್ಯದ ಖಾತೆಯಲ್ಲಿ ಬೆರೆಯಬಾರದು. ಅಸೋಸಿಯೇಶನ್ ಹೆಸರಿನ ಠೇವಣಿಯಲ್ಲಿರಬೇಕು, ಇಬ್ಬರ ಸಹಿಯಿಲ್ಲದೆ ಹೊರಬರಬಾರದು. ಮಹಾಸಭೆಗೆ ಮೊದಲು ಲೆಕ್ಕಪರಿಶೋಧನೆಯಾದ ಜಮಾಖರ್ಚಿನ ಪಟ್ಟಿ ಪ್ರತಿ ಮನೆಗೂ ತಲುಪಬೇಕು. ಅದರಲ್ಲಿ "ಇತರೆ ಖರ್ಚು" ಎಂಬ ಸಾಲು ದೊಡ್ಡದಾಗಿದ್ದರೆ ವಿವರ ಕೇಳುವುದು ನಿಮ್ಮ ಹಕ್ಕು. ಕೋಶಾಧಿಕಾರಿಗಳು ಸಾಮಾನ್ಯವಾಗಿ ಸಂಬಳವಿಲ್ಲದೆ ದುಡಿಯುವ ನೆರೆಹೊರೆಯವರೇ ಆಗಿರುವುದರಿಂದ ಅದನ್ನು ಗೌರವದಿಂದ ಕೇಳಿ.

ಹೊಸ ಕಟ್ಟಡವಾದರೆ ಇನ್ನೊಂದು ಮಾತು. ರಿಯಲ್ ಎಸ್ಟೇಟ್ ವ್ಯವಹಾರವನ್ನು ನಿಯಂತ್ರಿಸುವ 2016ರ ರೇರಾ ಕಾಯ್ದೆಯ ಪ್ರಕಾರ ಮನೆ ಸ್ವಾಧೀನಕ್ಕೆ ಕೊಟ್ಟ ದಿನದಿಂದ 5 ವರ್ಷಗಳೊಳಗೆ ರಚನೆಯಲ್ಲಿಯೋ ಕಾಮಗಾರಿಯ ಗುಣಮಟ್ಟದಲ್ಲಿಯೋ ದೋಷ ಕಂಡುಬಂದು ತಿಳಿಸಿದರೆ, ಬಿಲ್ಡರ್ 30 ದಿನಗಳೊಳಗೆ ಉಚಿತವಾಗಿ ಸರಿಪಡಿಸಿಕೊಡಬೇಕು. ಮೊದಲ ಮಳೆಗಾಲದಲ್ಲಿಯೇ ಗೋಡೆಯ ಪಸೆ, ಕಿಟಕಿಯ ಮೂಲೆಯ ಸೋರಿಕೆಗಳ ಫೋಟೋ ತೆಗೆದಿಟ್ಟು, ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲಿ ತಿಳಿಸಿ.

ವರ್ಷದ ಕೆಲಸಗಳಿಗೆ ನಮ್ಮಲ್ಲಿ ಒಳ್ಳೆಯ ಗಡುವೆಂದರೆ ಪತ್ತನಾಜೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ವರ್ಷದ ತಿರುಗಾಟ ಮುಗಿಸುವ, ಮೇ 24ರ ಆಸುಪಾಸಿನ ಆ ದಿನದೊಳಗೆ ತಾರಸಿಯ ಬಿರುಕು ಮುಚ್ಚಿ, ನೀರು ಹೋಗುವ ಪೈಪುಗಳಿಂದ ತರಗೆಲೆ ತೆಗೆದು, ಶೀಟಿನ ಚಾವಣಿಯ ಬೋಲ್ಟುಗಳನ್ನು ಬಿಗಿಸಿ, ಸಿಡಿಲು ನಿರೋಧಕದ ತಂತಿಯನ್ನು ಪರೀಕ್ಷಿಸಿ ಮುಗಿಸಿರಬೇಕು. ಮಳೆ ಶುರುವಾದ ಮೇಲೆ ಕೆಲಸದವರು ಸಿಕ್ಕುವುದೂ ಕಷ್ಟ, ಸಿಕ್ಕಿದರೂ ಒದ್ದೆ ಕಾಂಕ್ರೀಟಿನ ಮೇಲೆ ಹಚ್ಚಿದ್ದು ಹಿಡಿಯುವುದಿಲ್ಲ.

ಇಷ್ಟು ಮಳೆಯ ಊರಿನಲ್ಲಿ ಬೇಸಗೆಯ ನೀರಿಗೂ ಹಣ ತೆಗೆದಿಡಬೇಕಾಗುತ್ತದೆ. ಮಂಗಳೂರಿಗೆ ನೇತ್ರಾವತಿಯ ತುಂಬೆ ಅಣೆಕಟ್ಟಿನಿಂದ, ಉಡುಪಿಗೆ ಸ್ವರ್ಣಾ ನದಿಯ ಬಜೆ ಅಣೆಕಟ್ಟಿನಿಂದ ನೀರು ಬರುತ್ತದೆ. 2019 ಮತ್ತು 2023ರ ಬೇಸಗೆಗಳಲ್ಲಿ ಎರಡೂ ಊರುಗಳು ನೀರಿನ ಅಭಾವ ಕಂಡಿವೆ. ಏಪ್ರಿಲ್ ಮತ್ತು ಮೇ ತಿಂಗಳಿಗೆ ಟ್ಯಾಂಕರಿನ ಖರ್ಚನ್ನು ಮೊದಲೇ ಆಯವ್ಯಯದಲ್ಲಿ ಸೇರಿಸಿಕೊಂಡ ಕಟ್ಟಡಗಳಲ್ಲಿ ಆಗ ತಕರಾರು ಕಡಿಮೆ. ತಾರಸಿಯ ಮಳೆನೀರನ್ನು ಸೋಸಿ ಬಾವಿಗೆ ಬಿಡುವ ವ್ಯವಸ್ಥೆ ಇಲ್ಲದಿದ್ದರೆ ಅದನ್ನು ಮಹಾಸಭೆಯಲ್ಲಿ ಪ್ರಸ್ತಾಪಿಸಿ.

ತೆರಿಗೆಯ ವಿಚಾರ ಚಿಕ್ಕದು. ಮನೆಯ ಆಸ್ತಿ ತೆರಿಗೆ ಮೆಂಟೆನೆನ್ಸಿನಲ್ಲಿ ಸೇರುವುದಿಲ್ಲ, ಅದನ್ನು ಮಾಲೀಕರೇ ಪ್ರತ್ಯೇಕವಾಗಿ ಕಟ್ಟಬೇಕು. ಒಬ್ಬ ಸದಸ್ಯರ ಮೆಂಟೆನೆನ್ಸ್ ತಿಂಗಳಿಗೆ 7,500 ರೂಪಾಯಿಯನ್ನು, ಅಸೋಸಿಯೇಶನ್‌ನ ವಾರ್ಷಿಕ ವಹಿವಾಟು 20 ಲಕ್ಷ ರೂಪಾಯಿಯನ್ನು, ಎರಡೂ ಮೀರಿದಾಗ ಮಾತ್ರ ಶೇಕಡಾ 18ರ ಜಿಎಸ್‌ಟಿ ಬರುತ್ತದೆ.

ಬಾಡಿಗೆಗೆ ಬರುವವರು ಮೆಂಟೆನೆನ್ಸ್ ಬಾಡಿಗೆಯಲ್ಲಿಯೇ ಸೇರಿದೆಯೇ, ಪ್ರತ್ಯೇಕವೇ ಎಂಬುದನ್ನು ಕರಾರಿನಲ್ಲಿ ಬರೆಸಿಕೊಳ್ಳಿ; ದೊಡ್ಡ ದುರಸ್ತಿಯ ವಿಶೇಷ ವಂತಿಗೆ ಮಾಲೀಕರದ್ದೆಂದೂ ಅದರಲ್ಲಿಯೇ ಸೇರಲಿ. ಹಳೆಯ ಫ್ಲ್ಯಾಟು ಕೊಳ್ಳುವವರು ಅಡ್ವಾನ್ಸ್ ಕೊಡುವ ಮೊದಲೇ ಅಸೋಸಿಯೇಶನ್‌ನಿಂದ ಬಾಕಿ ಇಲ್ಲವೆಂಬ ಪತ್ರ ಕೇಳಬೇಕು, ಏಕೆಂದರೆ 1972ರ ಕಾಯ್ದೆಯಡಿ ಮಾರಿದವರು ಉಳಿಸಿಹೋದ ಬಾಕಿಗೆ ಕೊಂಡವರೂ ಹೊಣೆಯಾಗುತ್ತಾರೆ. ಆ ಪತ್ರದ ಜೊತೆಗೆ ಕಳೆದ ಮೂರು ವರ್ಷಗಳ ಜಮಾಖರ್ಚಿನ ಪಟ್ಟಿಯನ್ನೂ ತಂದರೆ, ಅದನ್ನು ಓದಿ ಅರ್ಥ ಮಾಡಿಕೊಳ್ಳಲು ನಮ್ಮ ಸಂಘದ ಹಿರಿಯ ಸದಸ್ಯರು ನಿಮ್ಮೊಂದಿಗೆ ಕೂರುತ್ತಾರೆ.