ಆಶ್ರಯ ಅರ್ಜಿಯ ತೀರ್ಪುಗಳು: ನ್ಯಾಯಾಧೀಶರ ಅಂಕಿಅಂಶಗಳನ್ನು ಓದುವ ಕ್ರಮ

ಅಮೆರಿಕದ ವಲಸೆ ನ್ಯಾಯಾಲಯದಲ್ಲಿ ಆಶ್ರಯ ಕೋರಿದವರ ಮನೆಯವರು ಮೊದಲು ಹುಡುಕುವುದು, ತಮ್ಮ ಪ್ರಕರಣದ ನ್ಯಾಯಾಧೀಶರು ಶೇಕಡಾ ಎಷ್ಟು ಅರ್ಜಿಗಳನ್ನು ತಿರಸ್ಕರಿಸಿದ್ದಾರೆ ಎಂಬುದನ್ನು. ಆ ಅಂಕಿ ಸುಲಭವಾಗಿ ಸಿಗುತ್ತದೆ, ಆದರೆ ಅದನ್ನು ಹಾಗೆಯೇ ನಂಬಿ ಎದೆಗುಂದಿದವರು ಬಹಳ ಮಂದಿ.

ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ 1989ರಲ್ಲಿ ಆರಂಭವಾದ ಟ್ರ್ಯಾಕ್ ಸಂಸ್ಥೆಯು ಮಾಹಿತಿ ಸ್ವಾತಂತ್ರ್ಯ ಕಾಯ್ದೆಯಡಿ ಪಡೆದ ಸರ್ಕಾರಿ ದಾಖಲೆಗಳಿಂದ ಒಬ್ಬೊಬ್ಬ ನ್ಯಾಯಾಧೀಶರ ಕುರಿತು ಸಿದ್ಧಪಡಿಸಿರುವ ವರದಿಯಿಂದ ಓದನ್ನು ಆರಂಭಿಸಬಹುದು. ಅದರಲ್ಲಿ ಶೇಕಡಾವಾರಿಗಿಂತ ಮೊದಲು ನೋಡಬೇಕಾದದ್ದು ಒಟ್ಟು ತೀರ್ಪುಗಳ ಸಂಖ್ಯೆ, ಅವು ಯಾವ ವರ್ಷಗಳವು, ಅರ್ಜಿದಾರರು ಯಾವ ದೇಶಗಳವರು ಮತ್ತು ಅವರಲ್ಲಿ ಎಷ್ಟು ಮಂದಿಗೆ ವಕೀಲರಿದ್ದರು ಎಂಬ ವಿವರಗಳು.

ಇವು ಏಕೆ ಮುಖ್ಯವೆಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ಒಂದೇ ನಗರದ ಇಬ್ಬರು ನ್ಯಾಯಾಧೀಶರು ತಲಾ 200 ಅರ್ಜಿಗಳನ್ನು ತೀರ್ಮಾನಿಸಿ, ಮೊದಲನೆಯವರು 160ನ್ನೂ ಎರಡನೆಯವರು 100ನ್ನೂ ತಿರಸ್ಕರಿಸಿದ್ದಾರೆ ಎಂದಿಟ್ಟುಕೊಳ್ಳಿ, ಅಂದರೆ ಶೇ. 80 ಮತ್ತು ಶೇ. 50. ಆದರೆ ಬಂಧನ ಕೇಂದ್ರದ ಪ್ರಕರಣಗಳನ್ನೇ ಹೆಚ್ಚಾಗಿ ಕೇಳುವ ಮೊದಲನೆಯವರ ಮುಂದೆ ವಕೀಲರಿದ್ದವರು 40 ಮಂದಿ ಮಾತ್ರ, ಅವರಲ್ಲಿ ತಿರಸ್ಕೃತರು 16. ವಕೀಲರಿಲ್ಲದ 160 ಮಂದಿಯಲ್ಲಿ 144. ಎರಡನೆಯವರ ಮುಂದೆ ವಕೀಲರಿದ್ದವರು 160, ತಿರಸ್ಕೃತರು 64; ವಕೀಲರಿಲ್ಲದ 40ರಲ್ಲಿ 36. ಇಬ್ಬರದ್ದೂ ವಕೀಲರಿದ್ದಾಗ ಶೇ. 40, ಇಲ್ಲದಿದ್ದಾಗ ಶೇ. 90! ಮೇಲೆ ಕಂಡ 30 ಅಂಶಗಳ ಅಂತರವು ನ್ಯಾಯಾಧೀಶರ ಮನೋಧರ್ಮದ್ದಲ್ಲ, ಅವರ ಮುಂದೆ ಬಂದವರ ಸ್ಥಿತಿಯದು. ಆದ್ದರಿಂದ ಹೋಲಿಕೆಯನ್ನು ಅದೇ ನ್ಯಾಯಾಲಯದ, ಅದೇ ಅವಧಿಯ, ಅದೇ ಬಗೆಯ ಪ್ರಕರಣಗಳ ನಡುವೆಯೇ ಮಾಡಬೇಕು.

ಇನ್ನೂ ಆಳಕ್ಕೆ ಇಳಿಯಬಯಸುವವರಿಗೆ, ವಲಸೆ ನ್ಯಾಯಾಲಯಗಳನ್ನು ನಡೆಸುವ ನ್ಯಾಯ ಇಲಾಖೆಯ ಕಚೇರಿಯೇ ತನ್ನ ಜಾಲತಾಣದಲ್ಲಿ ಹೆಸರುಗಳನ್ನು ತೆಗೆದ ಪ್ರಕರಣ ದಾಖಲೆಗಳನ್ನು ಒದಗಿಸುತ್ತದೆ. ಆ ಕಡತಗಳನ್ನು ಎಕ್ಸೆಲ್‌ನಲ್ಲಿ ತೆರೆಯಬೇಡಿ. ಅದರ ಒಂದು ಹಾಳೆಯಲ್ಲಿ 10,48,576 ಸಾಲುಗಳಷ್ಟೇ ಹಿಡಿಯುವುದರಿಂದ ಉಳಿದವು ಬಿಟ್ಟುಹೋಗುತ್ತವೆ. ಒಂದೇ ಪ್ರಕರಣಕ್ಕೆ ಹಲವು ಸಾಲುಗಳಿರಬಹುದಾದ ಕಾರಣ ಪ್ರಕರಣ ಸಂಖ್ಯೆಯ ಮೇಲೆ ಎಣಿಸಿ, ಹಿಂಪಡೆದ ಅಥವಾ ಕೈಬಿಟ್ಟ ಅರ್ಜಿಗಳನ್ನು ತಿರಸ್ಕಾರದೊಂದಿಗೆ ಸೇರಿಸದೆ ಬೇರೆ ಇಡಿ. ಭಾರತೀಯರ ಅರ್ಜಿಗಳನ್ನಷ್ಟೇ ನೋಡಬೇಕಾದರೆ ರಾಷ್ಟ್ರೀಯತೆಯ ಕಾಲಂನಿಂದ ಸೋಸಬಹುದು. ಹಾಗೆ ಸೋಸಿದಾಗ ಒಬ್ಬ ನ್ಯಾಯಾಧೀಶರ ಪಾಲಿಗೆ ಹದಿನೈದಿಪ್ಪತ್ತು ತೀರ್ಪುಗಳಷ್ಟೇ ಉಳಿದರೆ ಶೇಕಡಾವಾರು ಹೇಳಲೇಬೇಡಿ.

ಸಾಕ್ಷಿಯ ಮಾತು ನಂಬಲರ್ಹವೆನಿಸಿತೇ, ಪುರಾವೆ ಎಷ್ಟು ಗಟ್ಟಿಯಾಗಿತ್ತು ಎಂಬುದು ಈ ಕಾಲಂಗಳಲ್ಲಿ ಕಾಣುವುದಿಲ್ಲ. ಎಲ್ಲವನ್ನೂ ಸರಿದೂಗಿಸಿದ ಮೇಲೂ ಅಂತರ ಉಳಿದರೆ, ಆ ನ್ಯಾಯಾಧೀಶರ ತೀರ್ಪುಗಳನ್ನು ಮೇಲ್ಮನವಿಯಲ್ಲಿ ಯಾವ ಕಾರಣಕ್ಕೆ ಹಿಂದಿರುಗಿಸಲಾಗಿದೆ ಎಂಬುದನ್ನು ವಕೀಲರೊಂದಿಗೆ ಕುಳಿತು ಓದಿ, ವಿಚಾರಣೆಯ ದಿನಕ್ಕೆ ಮೊದಲೇ ಅದಕ್ಕೆ ತಕ್ಕ ದಾಖಲೆಗಳನ್ನು ಕೂಡಿಸಿಕೊಳ್ಳಿ.