ಸ್ಟ್ರಿಪ್ ತಿರುಗಿಸಿ ಓದಿದ ಒಂಬತ್ತು ತಿಂಗಳು

ಔಷಧ ಅಂಗಡಿಯಲ್ಲಿ ನಿಂತು 11 ವರ್ಷ ಆಗಿತ್ತು. "ಬಸುರಿಗೆ ಈ ಮಾತ್ರೆ ಕೊಡಬಹುದಾ?" ಅಂತ ಕೇಳಿದವರಿಗೆಲ್ಲ ಹೇಳಿ ಹೇಳಿ ಉತ್ತರ ಬಾಯಿಪಾಠ ಆಗಿಹೋಗಿತ್ತು. ನಾನೇ ಬಸುರಿಯಾದಾಗ ಆ ಬಾಯಿಪಾಠ ಕೈಕೊಟ್ಟಿತು.

ಗಾಬರಿ ಶುರುವಾಗಿದ್ದು ಐದನೇ ವಾರದಲ್ಲೇ. ಬಸುರಿ ಅಂತ ಗೊತ್ತಾಗುವ ಕೆಲವೇ ದಿನ ಮೊದಲು ಸೊಂಟನೋವಿಗೆ ಎರಡು ಐಬುಪ್ರೊಫೇನ್ ನುಂಗಿದ್ದೆ. ಬೇರೆಯವರಿಗೆ "ಒಂದೆರಡು ಮಾತ್ರೆಗೆಲ್ಲ ಹೆದರಬೇಡಿ" ಅನ್ನುತ್ತಿದ್ದವಳಿಗೆ ಆ ರಾತ್ರಿ ನಿದ್ದೆ ಹತ್ತಲಿಲ್ಲ. ಡಾಕ್ಟರ್ ಮೇಡಂ ಕೇಳಿದ್ದು ಎರಡೇ ಪ್ರಶ್ನೆ. ಎಷ್ಟು ತಗೊಂಡಿರಿ, ಯಾವತ್ತು ತಗೊಂಡಿರಿ? ಆಮೇಲೆ "ಆಗಿದ್ದಕ್ಕೆ ಕೊರಗಬೇಡಿ, ಇನ್ನು ಮುಂದೆ ಬೇಡ" ಅಂದರು. ಯಾವ ಮಾತ್ರೆಯನ್ನೂ ಮುಟ್ಟದಿದ್ದರೂ ನೂರಕ್ಕೆ ಸುಮಾರು 3 ಮಕ್ಕಳಿಗೆ ಹುಟ್ಟಿನಿಂದ ಏನಾದರೊಂದು ದೋಷ ಇರುತ್ತದೆ ಅನ್ನುವುದನ್ನೂ ನೆನಪಿಸಿದರು. ನನಗೆ ಗೊತ್ತಿದ್ದ ವಿಷಯವೇ. ಆದರೂ ಇನ್ನೊಬ್ಬರ ಬಾಯಿಂದ ಕೇಳಬೇಕಿತ್ತು.

ಮನೆಗೆ ಬಂದು ಒಂದು ನೋಟ್‌ಬುಕ್ ಇಟ್ಟೆ. ಏನೇ ನುಂಗಿದರೂ ಅದರಲ್ಲಿ ಬರೆಯುವುದು. ಡಬ್ಬಿಯ ಮೇಲಿನ ದೊಡ್ಡ ಹೆಸರಲ್ಲ, ಸ್ಟ್ರಿಪ್ ಹಿಂದೆ ಸಣ್ಣ ಅಕ್ಷರದಲ್ಲಿರುವ ಔಷಧದ ಹೆಸರು. ಪಕ್ಕದಲ್ಲಿ ಎಷ್ಟನೇ ವಾರ ಅಂತ. ಈ ವಾರದ ಲೆಕ್ಕ ಯಾಕೆ ಅಂದರೆ, ಒಂದೇ ಮಾತ್ರೆಗೆ ಹತ್ತನೇ ವಾರದ ಉತ್ತರ ಬೇರೆ, ಮೂವತ್ತನೇ ವಾರದ್ದು ಬೇರೆ.

ಐಬುಪ್ರೊಫೇನನ್ನೇ ತಗೊಳ್ಳಿ. ಡೈಕ್ಲೋಫೆನಾಕ್, ನ್ಯಾಪ್ರೊಕ್ಸೆನ್, ಮೆಫೆನಾಮಿಕ್ ಆಸಿಡ್ ಎಲ್ಲ ಅದೇ ಗುಂಪಿನವು. ಐದು ತಿಂಗಳು ಕಳೆದ ಮೇಲೆ ಹೊಟ್ಟೆಯೊಳಗೆ ಮಗುವಿನ ಸುತ್ತ ಇರುವ ನೀರು ಬಹುಪಾಲು ಮಗುವಿನ ಮೂತ್ರವೇ. ಈ ಮಾತ್ರೆಗಳು ಮಗುವಿನ ಕಿಡ್ನಿಗೆ ಹೋಗುವ ರಕ್ತವನ್ನು ತಗ್ಗಿಸುತ್ತವೆ. ಮೂತ್ರ ಕಡಿಮೆಯಾದರೆ ನೀರೂ ಕಡಿಮೆ. ಅದಕ್ಕೇ 20 ವಾರದ ನಂತರ ಇವು ಬೇಡ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರ ಅಕ್ಟೋಬರ್‌ನಲ್ಲಿ ಎಚ್ಚರಿಸಿತು. 30 ವಾರ ದಾಟಿದರೆ ಇನ್ನೊಂದು ಅಪಾಯ. ಮಗುವಿನ ಹೃದಯದ ಹತ್ತಿರ ಒಂದು ರಕ್ತನಾಳ ಇರುತ್ತದೆ, ಹುಟ್ಟಿದ ಮೇಲೆ ಮುಚ್ಚಿಕೊಳ್ಳಬೇಕಾದ್ದು. ಈ ಮಾತ್ರೆಗಳಿಂದ ಅದು ಹೊಟ್ಟೆಯಲ್ಲಿರುವಾಗಲೇ ಮುಚ್ಚಿಕೊಳ್ಳಲು ಶುರುವಾಗಬಹುದು. "ಹಚ್ಚುವ ಜೆಲ್ ತಾನೇ" ಅಂತ ನಾನೂ ಅಂದುಕೊಂಡಿದ್ದೆ. ಅದೂ ಸ್ವಲ್ಪ ರಕ್ತಕ್ಕೆ ಸೇರುತ್ತದೆ. ಮೇಡಂ ಅದನ್ನೂ ಬೇಡ ಅಂದರು.

ಇಲ್ಲೊಂದು ಎಡವಟ್ಟು ಹೇಳಬೇಕು. ಅದೇ ದಿನಗಳಲ್ಲಿ ಒಬ್ಬ ಬಸುರಿ ಅಂಗಡಿಗೆ ಬಂದು ಆಸ್ಪಿರಿನ್ ವಾಪಸ್ ಕೊಡಲು ನೋಡಿದರು. ನೋವಿನ ಮಾತ್ರೆ ಒಳ್ಳೆಯದಲ್ಲ ಅಂತ ಯಾರೋ ಹೆದರಿಸಿದ್ದರು. ಅವರಿಗೆ ಡಾಕ್ಟರ್ ಬರೆದುಕೊಟ್ಟಿದ್ದದ್ದು ಬಿಪಿ ಏರಿ ತೊಂದರೆ ಆಗದಿರಲಿ ಅಂತ ಕೊಡುವ ಸಣ್ಣ ಡೋಸಿನ ಆಸ್ಪಿರಿನ್. ಅದು ಬೇರೆಯೇ ಲೆಕ್ಕ, ಅದನ್ನು ಸುಮ್ನೆ ನಿಲ್ಲಿಸಬಾರದು. ಮಾತ್ರೆ ಕೈಯಲ್ಲೇ ಇಟ್ಟು ವಾಪಸ್ ಕಳಿಸಿದೆ.

ಹಾಗಾಗಿ ನೋವಿಗೆ ನನಗೆ ಉಳಿದದ್ದು ಪ್ಯಾರಾಸಿಟಮಾಲ್. 500 ಮಿಲಿಗ್ರಾಂನ ಒಂದು, ಸಾಲದಿದ್ದರೆ ಎರಡು. ಮಧ್ಯೆ ಕಡಿಮೆ ಅಂದರೂ ನಾಲ್ಕರಿಂದ ಆರು ಗಂಟೆ ಬಿಡುತ್ತಿದ್ದೆ. ಸಿಕ್ಕಾಪಟ್ಟೆ ಗದ್ದಲ ಎದ್ದಿದ್ದೂ ಇದರ ಮೇಲೇ. ಬಸುರಿ ತಿಂದರೆ ಮಗುವಿಗೆ ಆಟಿಸಂ ಬರುತ್ತದಾ ಅಂತ. 2024ರಲ್ಲಿ ಸ್ವೀಡನ್ನಿನಿಂದ ಸುಮಾರು 25 ಲಕ್ಷ ಮಕ್ಕಳ ಲೆಕ್ಕ ನೋಡಿದ ಅಧ್ಯಯನವೊಂದು ಬಂತು. ಒಂದೇ ತಾಯಿಯ ಮಕ್ಕಳನ್ನು ಹೋಲಿಸಿದಾಗ ಆ ನಂಟು ಕಾಣಲಿಲ್ಲ. ನಾನು ಅದನ್ನು ಓದಿ ಸಮಾಧಾನ ಮಾಡಿಕೊಂಡೆ. ಜ್ವರ ಏರಲು ಬಿಟ್ಟು ಕೂರುವುದೂ, ಅದರಲ್ಲೂ ಮೊದಲ ತಿಂಗಳುಗಳಲ್ಲಿ, ಮಗುವಿಗೆ ಒಳ್ಳೆಯದಲ್ಲ ಅಲ್ವಾ. ಹಾಗಂತ ದಿನಾ ನುಂಗಲಿಲ್ಲ. ಒಂಬತ್ತು ತಿಂಗಳಲ್ಲಿ ನೋಟ್‌ಬುಕ್‌ನಲ್ಲಿ ಅದು 14 ಸಲ ಇದೆ.

ಅಲರ್ಜಿಯದ್ದು ನನ್ನ ಹಳೇ ಗೋಳು. ಧೂಳು ಕಂಡರೆ ಸಾಲು ಸೀನು, ಕಣ್ಣು ಕೆಂಪು. ಮೂರನೇ ತಿಂಗಳಲ್ಲಿ ನಾಲ್ಕು ರಾತ್ರಿ ಮಾತ್ರೆ ಬೇಡವೇ ಬೇಡ ಅಂತ ಹಲ್ಲು ಕಚ್ಚಿದೆ. ಅದು ಶುದ್ಧ ದಡ್ಡತನ. ನಿದ್ದೆಗೆಟ್ಟದ್ದು ಬಿಟ್ಟರೆ ಗಿಟ್ಟಿದ್ದೇನಿಲ್ಲ. ಕುದಿಸಿ ಆರಿಸಿದ ಉಪ್ಪುನೀರಿನಲ್ಲಿ ಮೂಗು ತೊಳೆದು ಅರ್ಧ ಗೆದ್ದೆ. ಉಳಿದರ್ಧಕ್ಕೆ ಮೇಡಂ ರಾತ್ರಿ ಒಂದು ಸೆಟಿರಿಜಿನ್ ಅಂದರು. ಸೆಟಿರಿಜಿನ್, ಲೊರಾಟಡಿನ್ ಎರಡನ್ನೂ ಬಸುರಿಯರು ವರ್ಷಗಟ್ಟಲೆ ತಗೊಂಡ ಅನುಭವ ಜಾಸ್ತಿ ಇದೆ. ಮೂಗಿಗೆ ಹೊಡೆಯುವ ಬ್ಯುಡೆಸೊನೈಡ್ ಸ್ಪ್ರೇ ಕೂಡ ಹಾಗೇ.

ಒಂದು ದಿನ ಮೂಗು ಸುರಿಯುತ್ತಿದ್ದದ್ದು ನೋಡಿ ಜೊತೆಯ ಹುಡುಗಿ "ಅಕ್ಕಾ, ಇದನ್ನ ತಗೊಳ್ಳಿ" ಅಂತ ಶೀತದ ಮಾತ್ರೆ ಕೊಟ್ಟಳು. ಹಿಂದೆ ತಿರುಗಿಸಿದೆ. ಪ್ಯಾರಾಸಿಟಮಾಲ್, ಸುರಿಯುವ ಮೂಗಿಗೆ ಕ್ಲೋರ್‌ಫೆನಿರಮಿನ್, ಕಟ್ಟಿದ ಮೂಗಿಗೆ ಫಿನೈಲ್‌ಎಫ್ರಿನ್. ಒಂದು ಗಂಟೆ ಮೊದಲಷ್ಟೇ ತಲೆನೋವಿಗೆ ಪ್ಯಾರಾಸಿಟಮಾಲ್ ನುಂಗಿದ್ದೆ. ಫಿನೈಲ್‌ಎಫ್ರಿನ್ ರಕ್ತನಾಳ ಬಿಗಿಗೊಳಿಸುತ್ತದೆ, ಬಿಪಿಗೆ ಒಳ್ಳೆಯದಲ್ಲ. ನೆಗಡಿಗೆ ಬೇಕಾದ್ದು ಒಂದು, ಜೊತೆಗೆ ಬೇಡದ್ದು ಎರಡು. ಬೇಡ ಕಣೇ ಅಂತ ಕೊಟ್ಟುಬಿಟ್ಟೆ.

ಏಳನೇ ತಿಂಗಳಲ್ಲಿ ಸೀನಿಲ್ಲ, ತುರಿಕೆಯಿಲ್ಲ, ಮೂಗು ಮಾತ್ರ ಸದಾ ಕಟ್ಟಿಕೊಂಡಿತ್ತು. ಒಂದು ವಾರ ಸೆಟಿರಿಜಿನ್ ನುಂಗಿದರೂ ಅಲುಗಲಿಲ್ಲ. ಅದು ಅಲರ್ಜಿಯೇ ಅಲ್ಲ, ಬಸುರಿನದೇ ಮೂಗುಕಟ್ಟು ಅಂತ ಆಮೇಲೆ ಹೊಳೆಯಿತು. ಮಾತ್ರೆ ನಿಲ್ಲಿಸಿ, ದಿಂಬು ಎತ್ತರಿಸಿ ಮಲಗಿದೆ. ಹೆರಿಗೆಯಾದ ಎರಡು ವಾರದೊಳಗೆ ತಾನಾಗೇ ಹೋಯಿತು.

ಎಲ್ಲಕ್ಕಿಂತ ಹೆದರಿದ್ದು 33ನೇ ವಾರದಲ್ಲಿ. ಪ್ಯಾರಾಸಿಟಮಾಲ್ ತಗೊಂಡರೂ ತಲೆನೋವು ಬಿಡಲಿಲ್ಲ, ಕಣ್ಣೆದುರು ಮಿಣುಕು. ಇನ್ನೊಂದು ಮಾತ್ರೆಗೆ ಕೈ ಹೋಗಿತ್ತು. 20 ವಾರದ ನಂತರದ ಇಂಥ ತಲೆನೋವಿಗೆ ಮೊದಲು ಬೇಕಾದ್ದು ಮಾತ್ರೆಯಲ್ಲ, ಬಿಪಿ ನೋಡುವುದು ಅಂತ ಕೌಂಟರಿನಲ್ಲಿ ನಾನೇ ಎಷ್ಟು ಜನಕ್ಕೆ ಹೇಳಿದ್ದೆ! ಆ ರಾತ್ರಿಯೇ ಆಸ್ಪತ್ರೆಗೆ ಹೋದೆವು. ಬಿಪಿ ಅಂಚಿನಲ್ಲಿತ್ತು, ಬಸುರಿನ ಬಿಪಿ ತೊಂದರೆಗೆ ಇನ್ನೊಂದು ಗುರುತಾದ ಪ್ರೋಟೀನ್ ಮೂತ್ರದಲ್ಲಿ ಇರಲಿಲ್ಲ. ಒಂದು ರಾತ್ರಿ ಇಟ್ಟುಕೊಂಡು, ಮತ್ತೆ ಮತ್ತೆ ನೋಡಿ, ಬೆಳಿಗ್ಗೆ ಕಳಿಸಿದರು.

ಹೆರಿಗೆಯ ಮರುದಿನ ಹೊಲಿಗೆ ನೋವಿಗೆ ನರ್ಸ್ ಐಬುಪ್ರೊಫೇನ್ ತಂದರು. ಹಾಲೂಡಿಸುವಾಗ ಅದು ನಡೆಯುತ್ತದೆ ಅಂತ ನನಗೆ ಚೆನ್ನಾಗಿ ಗೊತ್ತು. ಆದರೂ ಕೈ ತಾನಾಗೇ ಸ್ಟ್ರಿಪ್ ತಿರುಗಿಸಿತು. ನರ್ಸ್ ನಕ್ಕರು.