ಉದ್ರಿ ಪುಸ್ತಕಕ್ಕೆ ಯಾವ ಚೌಕ?

ಪಿಎಚ್‌ಡಿಯ ಮೊದಲ ವರ್ಷವನ್ನು ನಾನು ಒಂದು ಪ್ರಶ್ನಾವಳಿಗೆ ಸುರಿದೆ. ವಿಷಯ ಸುಸ್ಥಿರ ವ್ಯವಹಾರ ಮಾದರಿಯ ನಾವೀನ್ಯ, ಅಂದರೆ ಪರಿಸರಕ್ಕೂ ಸಮಾಜಕ್ಕೂ ಒಗ್ಗುವಂತೆ ವ್ಯಾಪಾರ ನಡೆಸುವ ಹೊಸ ಬಗೆ. ಕ್ಷೇತ್ರ ಕಲಬುರಗಿ ಸುತ್ತಲಿನ ಸಣ್ಣ ದಾಲ್ ಮಿಲ್ಲುಗಳು. "ನಮ್ಮ ಘಟಕವು ಪರಿಸರಸ್ನೇಹಿ ವಿಧಾನಗಳನ್ನು ಅನುಸರಿಸುತ್ತದೆ" ಎಂಬಂಥ ನಲವತ್ತು ವಾಕ್ಯ, ಪ್ರತಿಯೊಂದರ ಮುಂದೆ ಐದು ಮನೆ. ಆಳಂದ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಸ್ವಸಹಾಯ ಸಂಘದ ಹೆಂಗಸರು ನಡೆಸುವ ಕಿರು ಮಿಲ್ಲಿಗೆ ಹೋದಾಗ ಎಲ್ಲರೂ ಎಲ್ಲಕ್ಕೂ "ಸಂಪೂರ್ಣ ಒಪ್ಪುತ್ತೇನೆ" ಎಂದು ಗುರುತು ಹಾಕಿದರು. ಅಧ್ಯಕ್ಷೆಯನ್ನು ಕೇಳಿದೆ. "ಬಿಸಿಲಿನಲ್ಲಿ ಇಷ್ಟು ದೂರ ಬಂದಿದ್ದೀರಿ, ಅಕ್ಕೋರೆ. ಒಪ್ಪುವುದಿಲ್ಲ ಎಂದು ಬರೆದು ಕಳಿಸುವುದು ಹೇಗೆ?" ಎಂದು ಚಹಾ ಮುಂದಿಟ್ಟರು.

ಆ ಮರ್ಯಾದೆಗೆ ಯಾವ ಅಂಕಿಅಂಶ ವಿಧಾನದಲ್ಲೂ ಪರಿಹಾರವಿಲ್ಲ. ತುಂಬಿಸಿದ್ದ ನಮೂನೆಗಳನ್ನೆಲ್ಲ ಕಟ್ಟಿ ಅಟ್ಟಕ್ಕೆ ಹಾಕಿದೆ. ಕೆಲವೇ ಘಟಕಗಳನ್ನು ಆಳವಾಗಿ ನೋಡುವ ಪ್ರಕರಣ ಅಧ್ಯಯನಕ್ಕೆ ಹೊರಳಿದೆ. ಈ ವಿಧಾನದ ಬಗ್ಗೆ ಬರೆದ ಸಂಶೋಧಕಿ ಐಸೆನ್‌ಹಾರ್ಟ್ ಅವರು 1989ರ ಲೇಖನದಲ್ಲಿ ನಾಲ್ಕರಿಂದ ಹತ್ತು ಪ್ರಕರಣಗಳಿದ್ದರೆ ಸಾಮಾನ್ಯವಾಗಿ ಕೆಲಸವಾಗುತ್ತದೆ ಎಂದಿದ್ದಾರೆ. ನಾನು ಕನಿಷ್ಠವನ್ನೇ ಹಿಡಿದೆ, ನಾಲ್ಕು. ಕಾಲೇಜಿನಲ್ಲಿ ಪಾಠ ಮಾಡುತ್ತ ಅರೆಕಾಲಿಕವಾಗಿ ಸಂಶೋಧನೆ ಮಾಡುವವರಿಗೆ ಐದನೆಯದು ದುರಾಸೆ.

ಕೈಯಲ್ಲಿದ್ದ ಉಪಕರಣ ಮೂರು ಪದರದ ಕ್ಯಾನ್ವಾಸ್, ಅಂದರೆ ಒಂದು ವ್ಯವಹಾರ ಹೇಗೆ ನಡೆಯುತ್ತದೆ ಎಂದು ಚೌಕಗಳಲ್ಲಿ ತುಂಬಿಸುವ ಪಟ. ಆಸ್ಟರ್‌ವಾಲ್ಡರ್ ಮತ್ತು ಪಿನ್ಯೂರ್ ಅವರ ಒಂಬತ್ತು ಚೌಕಗಳ ಪಟಕ್ಕೆ ಜಾಯ್ಸ್ ಮತ್ತು ಪಾಕಿನ್ 2016ರಲ್ಲಿ ಪರಿಸರದ್ದೊಂದು, ಸಮಾಜದ್ದೊಂದು ಪದರ ಸೇರಿಸಿದರು. ಅವುಗಳಲ್ಲೂ ಒಂಬತ್ತೊಂಬತ್ತು ಚೌಕ. ಪರಿಸರದ ಪದರದಲ್ಲಿ "ಬಳಕೆಯ ಹಂತ" ಎಂಬ ಚೌಕವಿದೆ. ನನ್ನ ಲಕ್ಷ್ಯವೆಲ್ಲ ಮಿಲ್ಲಿನ ಕರೆಂಟಿನ ಮೇಲಿತ್ತು. ಈ ಚೌಕವನ್ನು ಖಾಲಿ ಬಿಟ್ಟಿದ್ದೆ. ಅದನ್ನು ತುಂಬಿಸಿದ್ದು ಸಂಘದ ಒಬ್ಬ ಅಜ್ಜಿ: "ನಮ್ಮ ಬೇಳೆ ಕುಕ್ಕರಿನಲ್ಲಿ ಎಷ್ಟು ಸೀಟಿಗೆ ಬೇಯುತ್ತದೆ ಎಂದು ಯಾರನ್ನಾದರೂ ಕೇಳಿದಿರಾ?" ಕೇಳಿರಲಿಲ್ಲ. ಬೇಳೆಯ ಪರಿಸರ ಲೆಕ್ಕದಲ್ಲಿ ಅಡುಗೆಮನೆಯ ಗ್ಯಾಸೂ ಬರುತ್ತದೆ ಎಂಬುದು ನನಗೆ ಓದಿನಿಂದ ಹೊಳೆಯಬೇಕಿತ್ತು.

ಮಿಲ್ಲಿನ ಕೆಲಸವನ್ನು ಕಣ್ಣಾರೆ ನೋಡಿದ್ದು ಆ ಬಳಿಕ. ತೊಗರಿ ಸ್ವಚ್ಛ ಮಾಡಿ, ಎಮರಿ ರೋಲರಿಗೆ ಕೊಟ್ಟು ಸಿಪ್ಪೆ ಗೀರಿಸಿ, ಎಣ್ಣೆ ಸವರಿ ಬಿಸಿಲಿಗೆ ಹರಡುತ್ತಾರೆ. ನೀರು ಚಿಮುಕಿಸಿ ರಾಶಿ ಹಾಕಿ, ಮತ್ತೆ ಒಣಗಿಸಿ, ಆಮೇಲೆ ಒಡೆಯುತ್ತಾರೆ. ಬೇಳೆ ಒಂದು ಕಡೆ, ನುಚ್ಚು ಮತ್ತು ಹೊಟ್ಟು ಇನ್ನೊಂದು ಕಡೆ. ಒಣಗಿತೋ ಇಲ್ಲವೋ ಎನ್ನುವುದಕ್ಕೆ ಮಾಪಕವಿಲ್ಲ. ಅಧ್ಯಕ್ಷೆ ಒಂದು ಕಾಳನ್ನು ಹಲ್ಲಿನಲ್ಲಿ ಕಡಿದು "ಇನ್ನೊಂದು ಬಿಸಿಲು ಬೇಕು" ಎನ್ನುತ್ತಿದ್ದರು. ನಾನೂ ಕಡಿದು ನೋಡಿದೆ. ನನಗೆ ಎರಡೂ ಒಂದೇ ಸದ್ದು.

ಈ ಮಿಲ್ಲು ತೊಗರಿಯನ್ನು ಕೊಳ್ಳುವುದೇ ಇಲ್ಲ, ಕೂಲಿಗೆ ಒಡೆದುಕೊಡುತ್ತದೆ. ಡಿಸೆಂಬರ್–ಜನವರಿಯಲ್ಲಿ ರಾಶಿಯಾದ ಕೂಡಲೇ ಸಾಲದ ಒತ್ತಡಕ್ಕೆ ರೈತ ಎಲ್ಲವನ್ನೂ ಕಲಬುರಗಿಯ ಮಾರುಕಟ್ಟೆ ನೆಹರೂ ಗಂಜಿಗೆ ಸಾಗಿಸಿ, ಬೇಸಿಗೆಯಲ್ಲಿ ತಾನೇ ಕಿರಾಣಿ ಅಂಗಡಿಯಿಂದ ಬೇಳೆ ತರುವುದು ನಮ್ಮಲ್ಲಿ ಹೊಸದೇನಲ್ಲ. ಇಲ್ಲಿ ಅವನು ಮನೆಗೆ ಬೇಕಾದ ಒಂದೆರಡು ಚೀಲ ಉಳಿಸಿಕೊಂಡು ಮಿಲ್ಲಿಗೆ ತರುತ್ತಾನೆ. ಹೊಟ್ಟು, ನುಚ್ಚು ಸಂಘಕ್ಕೆ. ಅದು ಎಮ್ಮೆಗಳ ಮೇವಾಗಿ ಮಾರಾಟವಾಗುತ್ತದೆ. ಜೊತೆಗೆ ಕಿಲೋಗೆ ಇಷ್ಟು ಎಂದು ಕೂಲಿ. ಬಾಕನ್ ಮತ್ತು ಸಂಗಡಿಗರು 2014ರಲ್ಲಿ ಗುರುತಿಸಿದ ಸುಸ್ಥಿರ ವ್ಯವಹಾರದ ಎಂಟು ಮೂಲಮಾದರಿಗಳಲ್ಲಿ ಎರಡು ಇಲ್ಲಿ ಒಟ್ಟಿಗೇ ಕುಳಿತಿದ್ದವು: ತ್ಯಾಜ್ಯದಿಂದ ಮೌಲ್ಯ, ಮತ್ತು ಒಡೆತನದ ಬದಲು ಸೇವೆ. ಆ ರಾತ್ರಿ ನಾನು ಕುಣಿಯುವುದೊಂದು ಬಾಕಿ.

ಮಾರ್ಗದರ್ಶಕರು ನಾಲ್ಕು ಪುಟ ಓದಿ ಕೇಳಿದರು: "ನನ್ನ ಅಜ್ಜಿಯೂ ಬೀಸುಕಲ್ಲಿನಲ್ಲಿ ಒಡೆದುಕೊಟ್ಟು ನುಚ್ಚು ಇಟ್ಟುಕೊಳ್ಳುತ್ತಿದ್ದಳಲ್ಲ, ಇದರಲ್ಲಿ ನಾವೀನ್ಯ ಎಲ್ಲಿದೆ?"

ಆ ಪ್ರಶ್ನೆಗೆ ಉತ್ತರ ಹುಡುಕಲು ಎಂಟು ತಿಂಗಳು ಹಿಡಿಯಿತು. ಫಾಸ್ ಮತ್ತು ಸೇಬಿ 2017ರ ವಿಮರ್ಶೆಯಲ್ಲಿ ಮಾಡಿದ ಒಂದು ಭೇದ ಕೈಹಿಡಿಯಿತು: ಆ ಸಂಸ್ಥೆಗೆ ಹೊಸದು ಬೇರೆ, ಇಡೀ ಉದ್ಯಮಕ್ಕೆ ಹೊಸದು ಬೇರೆ. ಅಜ್ಜಿಯ ಪದ್ಧತಿ ಮಿಲ್ಲಿನ ಯಂತ್ರಕ್ಕೆ, ಸಂಘದ ಲೆಕ್ಕಕ್ಕೆ ಬಂದಾಗ ಏನು ಬದಲಾಯಿತು ಎಂದು ತೋರಿಸಬೇಕಿತ್ತು. ಬದಲಾದದ್ದು ಉದ್ರಿ, ಅಂದರೆ ಹಣ ಆಮೇಲೆ ಕೊಡುವ ಲೆಕ್ಕ.

ಸಂಘದಲ್ಲಿ ಕೆಂಪು ರಟ್ಟಿನ ಒಂದು ಉದ್ದನೆಯ ಪುಸ್ತಕವಿತ್ತು. "ಕೆರೆದಂಡೆ ಮನೆ, 40 ಕಿಲೋ, ರಾಶಿಗೆ" ಎಂಬಂಥ ಸಾಲುಗಳು. ಕೂಲಿಯ ಹಣ ಈಗಲ್ಲ, ಮುಂದಿನ ರಾಶಿಗೆ ಕೊಡುತ್ತೇನೆ ಎಂದರ್ಥ. ಗಂಜಿನ ದಲ್ಲಾಳಿ ಅಡತಿಯೂ ಉದ್ರಿ ಕೊಡುತ್ತಾನೆ, ಆದರೆ ಮುಂದಿನ ಬೆಳೆ ಅವನಿಗೇ ಬರಬೇಕು. ಇಲ್ಲಿ ಬೆಳೆಯ ಮೇಲೆ ಹಕ್ಕಿಲ್ಲದ ಉದ್ರಿ. ಮಿಲ್ಲು ಬದುಕಿದ್ದೇ ಇದರ ಮೇಲೆ, ಆದರೆ ಇಪ್ಪತ್ತೇಳು ಚೌಕಗಳಲ್ಲಿ ಯಾವುದಕ್ಕೂ ಇದು ಸಲ್ಲುತ್ತಿರಲಿಲ್ಲ. ಆದಾಯದ ಚೌಕಕ್ಕೆ ಹಾಕಿದರೆ ಹಣ ಬಂದಿಲ್ಲ; ವೆಚ್ಚಕ್ಕೆ ಹಾಕಿದರೆ ಹೋಗಿಲ್ಲ; ಗ್ರಾಹಕ ಸಂಬಂಧ ಎಂದರೆ ಅಧ್ಯಕ್ಷೆ ನಗುತ್ತಾರೆ, ಏಕೆಂದರೆ ಅರ್ಧ ಊರು ಅವರ ಬೀಗರು. ಕ್ಯಾನ್ವಾಸಿನಲ್ಲಿ ಕಾಲಕ್ಕೆ ಜಾಗವಿಲ್ಲ ಎಂಬುದೇ ನನ್ನ ಪ್ರಬಂಧದ ವಾದವಾಯಿತು.

ಇದಕ್ಕೊಂದು ಪೂರ್ವಕಥೆಯುಂಟು. ಸಂದರ್ಶನಗಳನ್ನು ಮೊದಲು ಇಂಗ್ಲಿಷಿಗೆ ತಿರುಗಿಸಿ, ಆಮೇಲೆ ಸಂಕೇತ ಹಚ್ಚುತ್ತಿದ್ದೆ, ಅಂದರೆ ಮಾತಿನ ತುಣುಕುಗಳಿಗೆ ವಿಷಯವಾರು ಹೆಸರು ಕೊಡುತ್ತಿದ್ದೆ. ಉದ್ರಿ, ಕೈಗಡ, ಸಾಲ ಮೂರೂ ಅಲ್ಲಿ ಒಂದೇ ಪದವಾಗಿ ಕರಗಿಹೋಗಿದ್ದವು. ಎರಡನೇ ಸುತ್ತಿನಲ್ಲಿ ಕನ್ನಡದಲ್ಲೇ ಸಂಕೇತ ಹಚ್ಚಿದೆ, ದಖ್ಖನಿ ಉರ್ದುವಿನ ಮಾತುಗಳಿಗೆ ಅದೇ ನುಡಿಯ ಪದ ಬಿಟ್ಟೆ. ಕೆಲಸ ಇಮ್ಮಡಿಯಾಯಿತು. ಈ ಭಾಗದಲ್ಲಿ ಕ್ಷೇತ್ರಕಾರ್ಯ ಮಾಡುವವರು ಮೊದಲೇ ಹೀಗೆ ಮಾಡಲಿ ಎಂದು ನನ್ನ ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಅವರು ಕೇಳುವುದಿಲ್ಲ, ನಾನೂ ಕೇಳುತ್ತಿರಲಿಲ್ಲ. ಕೃತಿಚೌರ್ಯ ತಪಾಸಣೆಯ ಬಗ್ಗೆ ಸಿಕ್ಕಾಪಟ್ಟೆ ಹೆದರಿದ್ದೆ: ಹೋಲಿಕೆ ಶೇ. 10ರೊಳಗಿರಬೇಕು ಎಂಬುದು ಯುಜಿಸಿಯ 2018ರ ನಿಯಮ. ನನ್ನಲ್ಲಿ ಸಿಕ್ಕ ಹೋಲಿಕೆಯೆಲ್ಲ ಸಂಶೋಧನಾ ವಿಧಾನದ ಅಧ್ಯಾಯದಲ್ಲಿತ್ತು. ಬೀಗರ ಉದ್ರಿಯ ಬಗ್ಗೆ ಇನ್ನಾರೂ ಬರೆದಿರಲಿಲ್ಲ.

ಪದವಿ ಬಂದ ಮೇಲೆ ಒಂದು ಪ್ರತಿಯನ್ನು ಹಳ್ಳಿಗೆ ಒಯ್ದೆ. ಅಧ್ಯಕ್ಷೆ ಇಂಗ್ಲಿಷ್ ಪುಟಗಳನ್ನು ಮಗುಚುತ್ತ ಉದ್ರಿ ಪುಸ್ತಕದ ಫೋಟೊ ಇದ್ದ ಪುಟದಲ್ಲಿ ನಿಂತರು. 2022ರಲ್ಲಿ ನೆಟೆ ರೋಗಕ್ಕೆ ತೊಗರಿ ಒಣಗಿತ್ತಲ್ಲ, ಆ ಹಂಗಾಮಿನ ಪುಟ. ಬಹಳ ಸಾಲುಗಳ ಮುಂದೆ ಸೊನ್ನೆ ಇತ್ತು. ವಸೂಲಿ ಇಲ್ಲ ಎಂದು ಓದಿಕೊಂಡು ಕೋಷ್ಟಕ ಮಾಡಿದ್ದೆ.

"ಇದಕ್ಕೆ ಏನೆಂದು ಬರೆದಿದ್ದೀರಿ?" ಎಂದರು. ಹೇಳಿದೆ.

"ಸೊನ್ನೆ ಅಲ್ಲ ಅಕ್ಕೋರೆ. ಸುತ್ತು ಹಾಕಿದ್ದು. ಅವರೆಲ್ಲ ಜೋಳ ಕೊಟ್ಟು ತೀರಿಸಿದರು."

ಐದನೇ ಅಧ್ಯಾಯದ ಮೂರನೇ ಕೋಷ್ಟಕ. ರಟ್ಟು ಹಾಕಿಸಿ, ಗ್ರಂಥಾಲಯಕ್ಕೂ ಕೊಟ್ಟಾಗಿತ್ತು. ಅಧ್ಯಕ್ಷೆ ಪೆನ್ನು ಕೇಳಿದರು. ಕೊಟ್ಟೆ. ಆ ಪ್ರತಿಯಲ್ಲಿ, ಸೊನ್ನೆಗಳ ಪಕ್ಕದಲ್ಲಿ, ಒಂದೊಂದಾಗಿ "ಜೋಳ" ಎಂದು ಬರೆಯುತ್ತ ಹೋದರು.